ಪಿಯುಸಿ ಆದಮೇಲೆ ಸ್ಕ್ಯಾನಿಂಗ್ ಕೆಲಸ ಕಲಿಯಬಹುದಾ?

ಪ್ರಶ್ನೆ: ನನ್ನ ಮಗಳು ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದಾಳೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡೋದನ್ನು ಕಲಿಯಬೇಕು ಅಂತ ಆಸೆ. ಒಂದು ವರ್ಷದ ಸೋನೋಗ್ರಫಿ ಡಿಪ್ಲೊಮಾ ಅಂತ ಜಾಹೀರಾತು ನೋಡಿದೆವು. ಸೇರಿಸಬಹುದಾ?
- ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಅಮ್ಮಾ, ಫೀಸು ಕಟ್ಟೋ ಮೊದಲು ಒಂದು ವಿಷಯ ತಿಳಿದಿರಲಿ. ಆ ಡಿಪ್ಲೊಮಾ ಮುಗಿಸಿದರೂ ನಿಮ್ಮ ಮಗಳು ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುವ ಹಾಗಿಲ್ಲ. ನಮ್ಮಲ್ಲಿ ಆ ಕೆಲಸ ಡಾಕ್ಟರದ್ದು. ರೇಡಿಯಾಲಜಿ ಓದಿದವರು ಮಾಡಬೇಕು, ಇಲ್ಲವೇ ಎಂಬಿಬಿಎಸ್ ಆದಮೇಲೆ ಅದಕ್ಕೆಂದೇ ತರಬೇತಿ ಪಡೆದವರು ಮಾಡಬೇಕು. ಆರು ತಿಂಗಳ ತರಬೇತಿಗೆ 2014ರಲ್ಲಿ ನಿಯಮ ಬಂದಿದೆ ನಿಜ. ಆದರೆ ಅದು ಎಂಬಿಬಿಎಸ್ ಆದವರಿಗೆ. ಪಿಯುಸಿ ಆದವರಿಗಲ್ಲ.

ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಡಾಕ್ಟರಲ್ಲದವರೂ ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ ಸೋನೋಗ್ರಾಫರ್ ಆಗುತ್ತಾರೆ. ಚಿತ್ರ ತೆಗೆಯೋದು ಅವರು, ರಿಪೋರ್ಟ್ ಕೊಡೋದು ಡಾಕ್ಟರ್. ಅಲ್ಲಿನವರ ವಿಡಿಯೊ ನೋಡಿ ನಮ್ಮ ಮಕ್ಕಳಿಗೂ ಆಸೆಯಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ಯಾಕಿಷ್ಟು ಬಿಗಿ ಅಂದರೆ, ಕಾರಣ ಹೆಣ್ಣುಮಕ್ಕಳು. ಭ್ರೂಣದ ಲಿಂಗ ಪತ್ತೆ ತಡೆಯಲು 1994ರಲ್ಲಿ ಪಿಸಿಪಿಎನ್‌ಡಿಟಿ ಕಾಯ್ದೆ ಬಂತು. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು. ವಯಸ್ಸು, ಈಗಿರುವ ಮಕ್ಕಳು, ಕಳಿಸಿದ ಡಾಕ್ಟರ್ ಯಾರು, ಸ್ಕ್ಯಾನ್ ಯಾಕೆ, ಎಲ್ಲವೂ ಅದರಲ್ಲಿರುತ್ತದೆ. ಮಗುವಿನ ಲಿಂಗ ತಿಳಿಯುವ ಇಚ್ಛೆ ನನಗಿಲ್ಲ ಅಂತ ಆಕೆ ಸಹಿ ಹಾಕಬೇಕು. ನಾನು ಪತ್ತೆ ಮಾಡಿಲ್ಲ, ಯಾರಿಗೂ ಹೇಳಿಲ್ಲ ಅಂತ ಡಾಕ್ಟರ್ ಸಹಿ ಹಾಕಬೇಕು. ತಪ್ಪಿದರೆ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲ ನೆನಪಿದೆಯಲ್ಲ, ಮಂಡ್ಯ ಕಡೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡಿದ್ದರು. ಬಂಧಿತರಲ್ಲಿ ಲ್ಯಾಬ್ ಟೆಕ್ನಿಷಿಯನ್‌ಗಳೂ ಇದ್ದರು. ನಾಳೆ ನಿಮ್ಮ ಮಗಳಿಗೆ ಯಾರಾದರೂ 'ಡಾಕ್ಟರ್ ಇಲ್ಲ, ನೀನೇ ಸ್ವಲ್ಪ ನೋಡಿಬಿಡು' ಅಂದರೆ ಆಕೆ ಖಡಾಖಂಡಿತವಾಗಿ ಆಗಲ್ಲ ಅನ್ನಬೇಕು. ಇದನ್ನು ಮನೆಯಲ್ಲಿ ಈಗಲೇ ಕೂತು ಮಾತಾಡಿ.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಆಕೆಗೆ ಪ್ರೋಬ್ (ಮೈಮೇಲಿಟ್ಟು ಸ್ಕ್ಯಾನ್ ಮಾಡುವ ಕೈ ಉಪಕರಣ) ಹಿಡಿಯೋ ಕೆಲಸವೇ ಬೇಕು ಅಂದರೆ ನಾನು ಮೊದಲು ಹೇಳೋದು ಎಕೋ. ಅದೂ ಅಲ್ಟ್ರಾಸೌಂಡೇ, ನೋಡೋದು ಹೃದಯವನ್ನು. ಇದಕ್ಕೆ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದಬೇಕು. ಜಯದೇವ ಆಸ್ಪತ್ರೆಯಲ್ಲಿ ಈ ಕೋರ್ಸ್ ಇದೆ. ಪಿಯುಸಿಯಲ್ಲಿ ಬಯಾಲಜಿ ಇರಬೇಕು. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್, ಎಕೋ, ಕ್ಯಾತ್ ಲ್ಯಾಬ್ (ಆಂಜಿಯೋಗ್ರಾಮ್ ಮಾಡುವ ಕೋಣೆ) ಕೆಲಸ ಎಲ್ಲ ಕಲಿಸುತ್ತಾರೆ. ಕೆಲಸ ಹೃದ್ರೋಗ ತಜ್ಞರ ಉಸ್ತುವಾರಿಯಲ್ಲಿ.

ಎಕೋ ಕೈಗೆ ಹತ್ತಲು ಟೈಮ್ ಬೇಕು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವಿನ ಸಣ್ಣ ಸಂದಿಯಲ್ಲಿ ಪ್ರೋಬ್ ಇಡಬೇಕು. ಗಾಳಿ ದಾಟಿ ಈ ತರಂಗ ಹೋಗಲ್ಲ. ಅದಕ್ಕೇ ಜೆಲ್. ಅದಕ್ಕೇ ಶ್ವಾಸಕೋಶ ಅಡ್ಡ ಬಂದರೆ ಪರದೆ ಮಬ್ಬಾಗುತ್ತದೆ. 'ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ' ಅನ್ನೋದು ಇದಕ್ಕೇ. ಮಣಿಕಟ್ಟು ಒಂಚೂರು ತಿರುಗಿದರೂ ಕಾಣುತ್ತಿದ್ದ ಕವಾಟ ಮಾಯವಾಗುತ್ತದೆ. ದಿನವಿಡೀ ತೋಳು ಚಾಚಿ ಒತ್ತಿ ಹಿಡಿಯೋ ಕೆಲಸ, ಭುಜ ನೋವು ಈ ವೃತ್ತಿಯವರಲ್ಲಿ ಸಾಮಾನ್ಯ. ಕೂರುವ ಎತ್ತರ, ಮಂಚದ ಎತ್ತರ ಸರಿಮಾಡಿಕೊಳ್ಳೋದನ್ನು ಮೊದಲಿನಿಂದಲೇ ರೂಢಿ ಮಾಡಿಕೊಂಡರೆ ಒಳ್ಳೆಯದು.

ಇನ್ನೊಂದು ದಾರಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ಎಕ್ಸ್‌ರೇ, ಸಿಟಿ, ಎಂಆರ್‌ಐ ಮಷಿನ್ ನಡೆಸೋದು ಇವರೇ. ಅಲ್ಟ್ರಾಸೌಂಡ್ ಪಾಠ ಇದ್ದರೂ ಸ್ಕ್ಯಾನಿಂಗ್ ರೂಮಿನಲ್ಲಿ ಇವರದು ಜಾಸ್ತಿ ತಯಾರಿ ಮತ್ತು ದಾಖಲೆ ಕೆಲಸ. ನಿಮ್ಹಾನ್ಸ್‌ನಲ್ಲಿ ರೇಡಿಯಾಗ್ರಫಿ ಬಿ.ಎಸ್ಸಿ. ಇದೆ. ವಿದೇಶದ ಆಸೆ ಇದ್ದರೆ ಅಲ್ಲಿನ ಮಾನ್ಯತೆ ಇರುವ ಕೋರ್ಸನ್ನೇ ಅಲ್ಲಿ ಹೋಗಿ ಓದೋದು ನೇರ ದಾರಿ. ಇಲ್ಲಿನ ಒಂದು ವರ್ಷದ ಸರ್ಟಿಫಿಕೇಟ್ ನಂಬಿಕೊಂಡು ಹೊರಡಬೇಡಿ.

ಕಾಲೇಜು ಆರಿಸುವಾಗ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅಥವಾ ಮಾನ್ಯತೆ ಇರುವ ಬೇರೆ ವಿವಿಗೆ ಸೇರಿದೆಯಾ ಅಂತ ನೋಡಿ. ಕಾಲೇಜಿನ ಮಾತನ್ನಷ್ಟೇ ನಂಬದೆ ವಿವಿಯ ಪಟ್ಟಿಯಲ್ಲೇ ಹೆಸರು ಹುಡುಕಿ. ಸ್ವಂತ ಆಸ್ಪತ್ರೆ ಇದೆಯಾ, ಇಂಟರ್ನ್‌ಶಿಪ್ ಎಲ್ಲಿ ಅಂತಲೂ ಕೇಳಿ. ಆಮೇಲೆ ಕ್ಯಾಂಟೀನ್ ಹತ್ತಿರ ಕೊನೇ ವರ್ಷದ ಹುಡುಗಿಯರು ಸಿಕ್ಕರೆ ನಿಮ್ಮ ಮಗಳೇ ಹೋಗಿ ಕೇಳಲಿ: 'ಅಕ್ಕಾ, ನಿಮ್ಮ ಕೈಗೆ ಪ್ರೋಬ್ ಕೊಡ್ತಾರಾ, ಇಲ್ಲ ಸುಮ್ನೆ ನಿಂತು ನೋಡೋದಷ್ಟೇನಾ?'