ಜಾಕಿನ ಮೇಲೆ ನಿಂತ ಕಾರು

ಓಡುತ್ತಿರುವ ಕಾರಿನ ಟೈರು ಒಡೆದರೆ ನಮ್ಮ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಮಾಡಬಾರದ ಮೊದಲ ಕೆಲಸವೇ ಅದು.

ಕಾರಿನ ಭಾರವನ್ನು ಹೊರುವುದು ಬಹುಪಾಲು ಟೈರಿನೊಳಗಿನ ಗಾಳಿ. ರಬ್ಬರು, ಉಕ್ಕಿನ ತಂತಿ, ನೂಲಿನ ಪದರಗಳು ಆ ಗಾಳಿಯನ್ನು ಒತ್ತಡದಲ್ಲಿ ಹಿಡಿದಿಡುತ್ತವೆ. ಸುಮಾರು 1,000 ಕಿಲೋ ತೂಕದ ಸಣ್ಣ ಕಾರಿನಲ್ಲಿ ಪ್ರತಿ ಚಕ್ರದ ಪಾಲಿಗೆ 250 ಕಿಲೋ ಬರುತ್ತದೆ ಎಂದುಕೊಳ್ಳೋಣ. ಗಾಳಿಯ ಒತ್ತಡ 33 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಭಾಗಿಸಿದರೆ 110 ಚದರ ಸೆಂಟಿಮೀಟರು ಸಿಗುತ್ತದೆ. ರಸ್ತೆಗೂ ಟೈರಿಗೂ ಇರುವ ಸಂಪರ್ಕ ಅಷ್ಟೇ, ಹೆಚ್ಚುಕಡಿಮೆ ಒಂದು ಹಸ್ತದಷ್ಟು. ಗಾಳಿ ಹೋದ ಕೂಡಲೇ ಆ ಚಕ್ರ ಕುಸಿದು, ಉರುಳಲು ತೊಡಕು ಹೆಚ್ಚಿ, ಕಾರು ಆ ಬದಿಗೆ ಎಳೆಯುತ್ತದೆ. ಆಗ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರಾಗುತ್ತವೆ. ಒಡೆದದ್ದು ಹಿಂದಿನ ಟೈರಾಗಿದ್ದರೆ ಕಾರಿನ ಹಿಂಭಾಗವೇ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಮುಂದಿನ ಟೈರಿಗಿಂತ ಹಿಂದಿನದು ಒಡೆಯುವುದೇ ಹೆಚ್ಚು ಅಪಾಯಕಾರಿ. ಮುಂದಿನದು ಹೋದರೆ ಸ್ಟೀರಿಂಗ್ ಎಳೆಯುವುದು ಕೈಗೆ ಗೊತ್ತಾಗುತ್ತದೆ, ತಿದ್ದಲೂ ಬರುತ್ತದೆ. ಕಾರನ್ನು ನೇರವಾಗಿ ಹಿಡಿದಿಡುವ ಹಿಂಚಕ್ರಗಳ ಮೇಲೆ ನಮ್ಮ ಕೈಗೆ ಅಂಥ ನೇರ ಹಿಡಿತವಿಲ್ಲ. ಸ್ಟೀರಿಂಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು, ಕಾರನ್ನು ನೇರವಾಗಿ ಬಿಟ್ಟರೆ ವೇಗ ತಾನಾಗಿಯೇ ಇಳಿಯುತ್ತದೆ. ಎಡಕ್ಕೆ ಸರಿಯುವುದು ಆಮೇಲೆ.

ಟೈರು ಹಾಳಾದೀತೆಂದು ಸಿಕ್ಕಲ್ಲಿ ನಿಲ್ಲಿಸುವವರಿದ್ದಾರೆ. ತಿರುವಿನಲ್ಲಿ, ಸೇತುವೆಯ ಮೇಲೆ, ಇಳಿಜಾರಿನಲ್ಲಿ ನಿಲ್ಲುವುದಕ್ಕಿಂತ ಅದೇ ಟೈರಿನಲ್ಲಿ ನಡಿಗೆಯ ವೇಗದಲ್ಲಿ ಇನ್ನಷ್ಟು ದೂರ ಸಾಗಿ, ಸಮತಟ್ಟಾದ ಗಟ್ಟಿ ನೆಲ ಹುಡುಕುವುದು ಮೇಲು. ಟೈರು ಕೆಲವು ಸಾವಿರ ರೂಪಾಯಿಯ ವಸ್ತು, ಹೊಸದನ್ನು ಕೊಳ್ಳಬಹುದು.

ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಚಾಲಕನಿಗೆ ಎದುರಿನ ಅಡ್ಡಿ ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡು ಬೇಕೆಂದರೆ ಅಷ್ಟರಲ್ಲೇ 40 ಮೀಟರು ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೂ 40–50 ಮೀಟರು ಬೇಕು. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಕಾರಿನ ಬೆನ್ನಿಗೇ ಇಟ್ಟರೆ ಏನೂ ಪ್ರಯೋಜನವಿಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಹೆದ್ದಾರಿಯಲ್ಲಿ ಅದು ಕನಿಷ್ಠ ನೂರು ಮೀಟರು ಹಿಂದಿರಬೇಕು. ಅದನ್ನು ಇಡಲು ಹೋಗುವವರು ರಸ್ತೆಯ ಅಂಚಿನಾಚೆ, ಎದುರಿನ ವಾಹನಗಳನ್ನು ನೋಡುತ್ತಾ ನಡೆಯಬೇಕು. ಕೆಟ್ಟು ನಿಂತ ಲಾರಿಗಳ ಹಿಂದೆ ಕಲ್ಲು, ಸೊಪ್ಪಿನ ಕೊಂಬೆ ಇಡುವ ರೂಢಿ ನಮ್ಮಲ್ಲಿದೆ. ಕೊಂಬೆ ಪರವಾಗಿಲ್ಲ. ಲಾರಿ ಹೊರಟ ಮೇಲೂ ಅಲ್ಲೇ ಉಳಿಯುವ ಕಲ್ಲು ರಾತ್ರಿ ಬರುವ ಬೈಕ್ ಸವಾರನ ಜೀವಕ್ಕೆ ಕುತ್ತು. ದಯವಿಟ್ಟು ಅದನ್ನು ತೆಗೆದು ಹೋಗಿ.

ಕಾರಿನಲ್ಲಿದ್ದವರೆಲ್ಲ ಇಳಿದು ತಡೆಬೇಲಿಯ ಆಚೆ ನಿಲ್ಲಲಿ. ಹೋದದ್ದು ಬಲಬದಿಯ ಚಕ್ರವಾಗಿದ್ದು, ಪಕ್ಕದಲ್ಲೇ ವಾಹನಗಳು ಹಾಯುತ್ತಿದ್ದರೆ ಅಲ್ಲಿ ಕುಳಿತು ಟೈರು ಬಿಚ್ಚುವ ಸಾಹಸವೇ ಬೇಡ. ರಾಷ್ಟ್ರೀಯ ಹೆದ್ದಾರಿಗಳಿಗೆ 1033 ಸಹಾಯವಾಣಿ ಇದೆ. ಕರೆ ಮಾಡಿ ಕಾಯುವುದೇ ಸರಿ.

ಇನ್ನು ಕಾರು ಉರುಳದಂತೆ ನೋಡಿಕೊಳ್ಳುವ ಮಾತು. ‘ಗೇರಿನಲ್ಲಿದೆ, ಎಲ್ಲಿಗೂ ಹೋಗುವುದಿಲ್ಲ’ ಎಂಬ ನಂಬಿಕೆಯನ್ನು ಇಲ್ಲಿ ಪರೀಕ್ಷಿಸಲೇಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಚಕ್ರಗಳಿಂದ ಓಡುವಂಥವು. ಆ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಇರುತ್ತದೆ. ತಿರುವಿನಲ್ಲಿ ಒಳಚಕ್ರ ನಿಧಾನವಾಗಿ, ಹೊರಚಕ್ರ ವೇಗವಾಗಿ ತಿರುಗಲು ಅದು ಅನುವು ಮಾಡಿಕೊಡುತ್ತದೆ. ಎಂಜಿನ್ ನಿಂತು ಗೇರ್ ಬಿದ್ದಿದ್ದರೂ, ಒಂದು ಚಕ್ರ ಹಿಮ್ಮುಖವಾಗಿ ತಿರುಗಿದರೆ ಇನ್ನೊಂದು ಮುಮ್ಮುಖವಾಗಿ ತಿರುಗಲು ಅದರಲ್ಲಿ ಅವಕಾಶವಿದೆ. ಎರಡೂ ಚಕ್ರ ನೆಲದ ಮೇಲಿರುವಷ್ಟು ಹೊತ್ತು ಅದು ಸಾಧ್ಯವಿಲ್ಲ. ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದಿರೋ, ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನದು ಮುಂದಕ್ಕೆ ಉರುಳುತ್ತದೆ. ಗೇರ್ ಹಿಡಿಯುವುದೇ ಇಲ್ಲ! ಆಗ ಕಾರನ್ನು ನಿಲ್ಲಿಸುವುದು ಹಿಂಚಕ್ರಗಳ ಮೇಲೆ ಕೆಲಸ ಮಾಡುವ ಹ್ಯಾಂಡ್ ಬ್ರೇಕ್ ಮಾತ್ರ. ಹಿಂದಿನ ಚಕ್ರ ಎತ್ತಿದಾಗ ಇದು ತಿರುಗುಮುರುಗು. ಹ್ಯಾಂಡ್ ಬ್ರೇಕಿನ ಹಿಡಿತ ಒಂದೇ ಚಕ್ರಕ್ಕೆ ಇಳಿಯುತ್ತದೆ, ಮುಂಚಕ್ರಗಳನ್ನು ಗೇರ್ ಕಾಯುತ್ತದೆ. ಆದ್ದರಿಂದ ಎರಡನ್ನೂ ಹಾಕಬೇಕು, ಜೊತೆಗೆ ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿರುವ ಚಕ್ರದ ಹಿಂದೆ ಮುಂದೆ ಕಲ್ಲು ಒತ್ತಬೇಕು.

ಜಾಕ್ ಏರಿಸುವ ಮುನ್ನವೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಚಕ್ರ ನೆಲಕ್ಕೆ ಒತ್ತಿಕೊಂಡಿರುವಾಗ. ನಟ್ಟನ್ನು ಬಿಗಿದಿರುವ ತಿರುಚುಬಲ ಸಣ್ಣ ಕಾರುಗಳಲ್ಲಿ ಸುಮಾರು 100 ನ್ಯೂಟನ್ ಮೀಟರ್. 30 ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಯಲ್ಲಿ 34 ಕಿಲೋದಷ್ಟು ಬಲ ಹಾಕಬೇಕೆಂದಾಯಿತು. ಅಂಗಡಿಯವರು ಗಾಳಿಯ ಯಂತ್ರದಿಂದ ಅತಿಯಾಗಿ ಬಿಗಿದಿದ್ದರೆ ಇನ್ನೂ ಹೆಚ್ಚು. ಸ್ಪ್ಯಾನರನ್ನು ಎಡಕ್ಕೆ ಅಡ್ಡವಾಗಿ ನಿಲ್ಲುವಂತೆ ಸಿಕ್ಕಿಸಿ ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿದರೆ ತೋಳಿನ ಬಲವೇ ಬೇಕಿಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ ಇದು ಆಗದ ಕೆಲಸ ಎನ್ನುವುದು ಸುಳ್ಳು. ಆದರೆ ಇಷ್ಟು ಬಲವನ್ನು ಜಾಕಿನ ಮೇಲಿರುವ ಕಾರಿನ ಮೇಲೆ ಹಾಕಿದರೆ ಕಾರು ಜಾಕಿನಿಂದ ಜಾರಿ ಬೀಳಬಹುದು.

ಕಾರಿನ ಜೊತೆ ಬರುವ ಜಾಕ್ ಒಂದು ಸ್ಕ್ರೂ. ಅದರ ಸುರುಳಿಯ ಓರೆ ಅತಿ ಕಡಿಮೆಯಿರುವುದರಿಂದ ಘರ್ಷಣೆಯೇ ಅದನ್ನು ಹಿಂದಕ್ಕೆ ತಿರುಗದಂತೆ ತಡೆಯುತ್ತದೆ. ಮೇಲಿನಿಂದ ಬರುವ ಭಾರವನ್ನು ಅದು ನಿಷ್ಠೆಯಿಂದ ಹೊರುತ್ತದೆ. ಪಕ್ಕದಿಂದ ಬರುವ ತಳ್ಳುವಿಕೆಯನ್ನು ತಾಳಲು ಮಾತ್ರ ಅದರ ಪುಟ್ಟ ಪಾದಕ್ಕೆ ಆಗದು. ಮಲೆನಾಡಿನ ಮಳೆಗಾಲದಲ್ಲಿ ರಸ್ತೆ ಬದಿಯ ನೆನೆದ ಮಣ್ಣಿನೊಳಗೆ ಆ ಪಾದ ಹೂತುಹೋಗುತ್ತದೆ, ಅಡಿಗೊಂದು ಹಲಗೆ ಬೇಕೇ ಬೇಕು. ಜಾಕನ್ನು ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಮಾಡಿರುವ ಬಲಪಡಿಸಿದ ಜಾಗಕ್ಕೇ ಕೊಡಿ. ಬೇರೆಡೆ ತಗಡು ಬಾಗುತ್ತದೆ. ಸ್ಟೆಪ್ನಿಯನ್ನು ಆ ಅಂಚಿನ ಕೆಳಗೆ ಮಲಗಿಸಿಡಿ. ಜಾಕ್ ಕೈಕೊಟ್ಟರೂ ಕಾರು ಅದರ ಮೇಲೆ ನಿಲ್ಲುತ್ತದೆ. ಕಳಚಿದ ಚಕ್ರವನ್ನು ಅದರ ಜಾಗದಲ್ಲಿ ಮಲಗಿಸಿದ ಮೇಲೆಯೇ ಸ್ಟೆಪ್ನಿ ಎತ್ತಿಕೊಳ್ಳಿ. ಯಾವ ಕಾರಣಕ್ಕೂ ಕೈ, ಕಾಲು, ತಲೆ ಕಾರಿನಡಿ ಹೋಗಬಾರದು. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದು ಚಕ್ರ ಅಂಟಿಕೊಂಡಿದ್ದರೆ ಎಳೆದಾಡಬೇಡಿ. ನಟ್ಟುಗಳನ್ನು ಸಡಿಲವಾಗಿ ಮರಳಿ ಹಾಕಿ ಕಾರನ್ನು ಇಳಿಸಿದರೆ, ಸಾಮಾನ್ಯವಾಗಿ ಕಾರಿನ ಭಾರವೇ ಅದನ್ನು ಬಿಡಿಸುತ್ತದೆ.

ಹೊಸ ಚಕ್ರ ಕೂರಿಸಿ, ನಟ್ಟುಗಳ ಓರೆಯಾದ ಮುಖ ಒಳಗೆ ಬರುವಂತೆ ಕೈಯಿಂದ ತಿರುಗಿಸಿ, ಕಾರನ್ನು ಇಳಿಸಿ, ಆಮೇಲೆ ಎದುರು ಬದುರು ಕ್ರಮದಲ್ಲಿ ಬಿಗಿಯಬೇಕು. ಚಕ್ರ ನಟ್ಟಿಗೆ ನೇತಾಡುತ್ತಿದೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಬಿಗಿದಾಗ ಉಕ್ಕಿನ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಹವಣಿಸುತ್ತಾ ಚಕ್ರವನ್ನು ಅದು ಕೂರುವ ಲೋಹದ ತಟ್ಟೆಯಾದ ಹಬ್‌ಗೆ ಒತ್ತಿ ಹಿಡಿಯುತ್ತದೆ. 12 ಮಿ.ಮೀ. ಬೋಲ್ಟಿಗೆ 100 ನ್ಯೂಟನ್ ಮೀಟರ್ ಬಿಗಿತ ಕೊಟ್ಟರೆ ಆ ಒತ್ತು ಸುಮಾರು 4 ಟನ್! ಚಕ್ರ ಅಲುಗದಂತೆ ಕಾಯುವುದು ಆ ಒತ್ತಿನಿಂದ ಹುಟ್ಟುವ ಘರ್ಷಣೆ. ಹಬ್‌ನ ಮೇಲೆ ಮಣ್ಣಿದ್ದರೆ, ಒಂದೇ ಬದಿಯಿಂದ ಬಿಗಿಯುತ್ತಾ ಹೋದರೆ, ಚಕ್ರ ಸಮವಾಗಿ ಕೂರದೆ ನಟ್ಟುಗಳು ಸಡಿಲಾಗುತ್ತವೆ. ಬೋಲ್ಟಿಗೆ ಎಣ್ಣೆ ಹಚ್ಚುವುದೂ ತಪ್ಪು. ನಾವು ಹಾಕುವ ಬಲದ ಹೆಚ್ಚಿನ ಪಾಲು ಘರ್ಷಣೆಗೇ ಹೋಗುವುದರಿಂದ, ಎಣ್ಣೆ ಬಿದ್ದ ಕೂಡಲೇ ಅದೇ ಬಲಕ್ಕೆ ಬೋಲ್ಟು ಅತಿಯಾಗಿ ಹಿಗ್ಗುತ್ತದೆ. ಐವತ್ತು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಬೇಕು.

ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಹಾಗಾಗಿ ಗಾಳಿ ಕಡಿಮೆ ಹಾಕಿಸಿ ಎಂಬ ಸಲಹೆ ಕಲಬುರಗಿ, ರಾಯಚೂರು ಕಡೆ ಮಾತ್ರವಲ್ಲ, ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. 27 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಗಾಳಿ 77 ಡಿಗ್ರಿಗೆ ಕಾದರೂ ಒತ್ತಡ ಏರುವುದು 41ರ ಆಸುಪಾಸಿಗೆ. ಒಳ್ಳೆಯ ಟೈರು ಅದರ ಎಷ್ಟೋ ಪಟ್ಟು ತಾಳುತ್ತದೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ನೆಟ್ಟಗಾಗುತ್ತದೆ, ಮಡಚಲು ಹೋದ ಶಕ್ತಿಯಲ್ಲಿ ಒಂದಂಶ ಶಾಖವಾಗಿ ಒಳಗೇ ಉಳಿದು ಪದರಗಳನ್ನು ಬಿಡಿಸುತ್ತದೆ. ಟೈರು ಒಡೆಯುವುದು ಹೀಗೆ. ಕಾರು ತಣ್ಣಗಿರುವಾಗ, ತಯಾರಕರು ಹೇಳಿದಷ್ಟೇ ಗಾಳಿ ಹಾಕಿಸಿ. ಆಗ ಡಿಕ್ಕಿಯಲ್ಲಿ ಮರೆತುಹೋಗಿರುವ ಸ್ಟೆಪ್ನಿಗೂ ಹಾಕಿಸಿ. ರಬ್ಬರಿನ ಮೂಲಕ ಗಾಳಿ ತಿಂಗಳಿಂದ ತಿಂಗಳಿಗೆ ಸೋರುತ್ತಲೇ ಇರುತ್ತದೆ.

ಕಳಚಿದ ಟೈರನ್ನು ಪಂಕ್ಚರ್ ಅಂಗಡಿಗೆ ಒಯ್ದಾಗ ರಿಮ್ಮಿನಿಂದ ಪೂರ್ತಿ ಬಿಚ್ಚಿಸಿ ಒಳಗೆ ನೋಡಿ. ರಸ್ತೆಗೆ ತಾಗುವ ನಡುವಿನ ತುಳಿಪಟ್ಟಿಯಲ್ಲಿ ಮೊಳೆ ಚುಚ್ಚಿದ ತೂತಾದರೆ ಒಳಗಿನಿಂದ ತೇಪೆ ಹಾಕಬಹುದು. ಪಕ್ಕದ ಗೋಡೆ ಹರಿದಿದ್ದರೆ, ಇಲ್ಲವೇ ಒಳಗೆ ಕಪ್ಪು ರಬ್ಬರಿನ ಪುಡಿ ಉದುರುತ್ತಿದ್ದರೆ, ಆ ಟೈರಿಗೆ ತೇಪೆ ಹಾಕಿಸಬೇಡಿ, ಹೊಸದು ತನ್ನಿ.