ಅಣ್ಣನ ತಪ್ಪನ್ನು ಅಣ್ಣನಿಗೇ ಹೇಳಬೇಕಾ?

ಓದುಗರೊಬ್ಬರ ಪ್ರಶ್ನೆ: ಅಪ್ಪ ತೀರಿಹೋದ ಮೇಲೆ ಅಮ್ಮನಿಗೆ ಪಿಂಚಣಿ ಬರುತ್ತಿದೆ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಎಟಿಎಂ ಕಾರ್ಡ್ ಅಣ್ಣನ ಜೇಬಿನಲ್ಲಿ. ದುಡ್ಡೆಲ್ಲ ಅವನೇ ಖರ್ಚು ಮಾಡುತ್ತಾನೆ. ಅಮ್ಮ ಬಿಪಿ ಮಾತ್ರೆಗೆ ಕೇಳಿದರೂ ರೇಗುತ್ತಾನೆ. ಭಾನುವಾರ ಮಾತ್ರ ತಪ್ಪದೆ ಪೂಜೆಗೆ ಬಂದು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳುತ್ತಾನೆ. ನಾನು ಅವನಿಗಿಂತ ಚಿಕ್ಕವಳು. ಬುದ್ಧಿ ಹೇಳುವುದು ನನ್ನ ಕೆಲಸವಾ? 'ತೀರ್ಪು ಕೊಡಬೇಡಿ' ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ವಾ?

ಉತ್ತರ: ಹೌದು ತಂಗಿ, ಇದು ನಿಮ್ಮ ಕೆಲಸವೇ. ಹೇಳಬೇಕು. ಆದರೆ ಮೊದಲು ಅವನಿಗೇ ಹೇಳಬೇಕು, ಒಬ್ಬನೇ ಇದ್ದಾಗ ಹೇಳಬೇಕು.

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬರಿಗೆ ಗೆಳೆಯನ ಕುಡಿತದ ಚಿಂತೆ, ಇನ್ನೊಬ್ಬರಿಗೆ ಮೈದುನ ಕೇಳಿದ ವರದಕ್ಷಿಣೆಯ ಸಂಕಟ. ಎಲ್ಲರೂ ಕೊನೆಗೆ ಬಂದು ನಿಲ್ಲುವುದು 'ತೀರ್ಪು ಕೊಡಬೇಡಿ' ಅನ್ನುವ ಮಾತಿನ ಹತ್ತಿರವೇ. ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಆ ಮಾತಿದೆ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ, 5ನೇ ವಚನದ ತನಕ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸೋದರನ ಕಣ್ಣಿನ ಧೂಳು ತೆಗೆಯುವಷ್ಟು ನಿನಗೆ ಚೆನ್ನಾಗಿ ಕಾಣಿಸುತ್ತದೆ ಅನ್ನುತ್ತಾರೆ ಯೇಸು. ಧೂಳು ಅಲ್ಲೇ ಇರಲಿ ಬಿಡು ಅನ್ನಲಿಲ್ಲ.

ನಿಮ್ಮಣ್ಣ ಒಳಗೆ ಎಂಥವನು, ದೇವರ ಮುಂದೆ ಅವನ ಲೆಕ್ಕ ಎಷ್ಟು ಅನ್ನುವುದು ನಮಗೆ ಕಾಣುವುದಿಲ್ಲ. ಆ ತೀರ್ಪು ನಮ್ಮದಲ್ಲ. ಅವನು ಪರಮಪ್ರಸಾದ ತೆಗೆದುಕೊಳ್ಳುವ ವಿಷಯವನ್ನೂ ನೀವು ಎತ್ತಬೇಡಿ. ಅದು ಅವನಿಗೂ ಅವನ ಪಾಪನಿವೇದನೆ ಕೇಳುವ ಗುರುಗಳಿಗೂ ಸೇರಿದ್ದು. ಅಮ್ಮನ ಹಣ ಅಮ್ಮನಿಗೆ ಸಿಗುತ್ತಿಲ್ಲ ಅನ್ನುವುದು ಮಾತ್ರ ಕಣ್ಣಿಗೆ ಕಾಣುವ ಸಂಗತಿ. ಅದನ್ನು ಹೇಳುವುದಕ್ಕೆ ಅವನ ಎದೆ ಬಗೆದು ನೋಡಬೇಕಾಗಿಲ್ಲ.

'ನಮಗ್ಯಾಕೆ ಊರ ಉಸಾಬರಿ' ಅನ್ನುವುದು ನಮ್ಮಲ್ಲಿ ಜಾಸ್ತಿ. ಸುಮ್ನಿರುವವರನ್ನು ಒಳ್ಳೆಯವರು ಅಂತಲೂ ಹೊಗಳುತ್ತೇವೆ. ಆದರೆ ಬೈಬಲಿನ ಯಾಜಕಕಾಂಡ 19:17 ಹೇಳುವುದೇ ಬೇರೆ: ಸೋದರನ ಮೇಲೆ ಮನಸ್ಸಿನೊಳಗೆ ಹಗೆ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೆ ಹೇಳು, ಇಲ್ಲದಿದ್ದರೆ ಅವನ ಪಾಪದಲ್ಲಿ ನಿನಗೂ ಪಾಲು. 'ನಿನ್ನನ್ನು ನೀನು ಪ್ರೀತಿಸುವಂತೆ ನೆರೆಯವನನ್ನೂ ಪ್ರೀತಿಸು' ಅನ್ನುವ ಪ್ರಸಿದ್ಧ ಆಜ್ಞೆ ಇದರ ಮರುವಚನದಲ್ಲೇ ಇದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1829ನೇ ಪರಿಚ್ಛೇದವೂ ಸೋದರನನ್ನು ತಿದ್ದುವುದು ಪ್ರೀತಿಯೇ ಬೇಡುವ ಕೆಲಸ ಅನ್ನುತ್ತದೆ. ಹಸಿದವರಿಗೆ ಊಟ ಕೊಡುವುದು ದೈಹಿಕ ಕರುಣೆಯ ಕಾರ್ಯವಾದರೆ, ತಪ್ಪು ಮಾಡಿದವರನ್ನು ಎಚ್ಚರಿಸುವುದು 7 ಆತ್ಮಿಕ ಕರುಣಾಕಾರ್ಯಗಳಲ್ಲಿ ಒಂದು. ಜಗದ್ಗುರು (ಪೋಪ್) 16ನೇ ಬೆನೆಡಿಕ್ಟ್ 2012ರ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಸಂದೇಶದಲ್ಲಿ ಇದನ್ನೇ ನೆನಪಿಸಿದರು. ಬೇರೆಯವರ ಹೊಟ್ಟೆಬಟ್ಟೆಯ ಬಗ್ಗೆ ಮಾತಾಡುತ್ತೇವೆ, ಅವರ ಆತ್ಮದ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ ಅನ್ನುವುದು ಅವರ ಕೊರಗು.

ಹಾಗಂತ ಸಿಕ್ಕಸಿಕ್ಕವರ ಹುಳುಕು ಹುಡುಕುತ್ತಾ ಓಡಾಡಿ ಅಂತ ಅರ್ಥವಲ್ಲ. 13ನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ಇದನ್ನು ಬಿಡಿಸಿ ಹೇಳಿದ್ದಾರೆ. ಈ ಕರ್ತವ್ಯ ಎಲ್ಲ ಹೊತ್ತಿಗೂ ಎಲ್ಲ ಜಾಗಕ್ಕೂ ಅಲ್ಲ, ತಕ್ಕ ಹೊತ್ತಿಗೆ ತಕ್ಕ ಜಾಗದಲ್ಲಿ. ಹೇಳಿದರೆ ಆ ಮನುಷ್ಯ ಇನ್ನಷ್ಟು ಹಟ ಹಿಡಿದು ಕೆಡುತ್ತಾನೆ ಅಂತ ಅನ್ನಿಸಿದರೆ ಸದ್ಯಕ್ಕೆ ಬಿಡಬಹುದು. ಆದರೆ ನಿಷ್ಠುರವಾದೀತು, ಸಂಬಂಧ ಕೆಟ್ಟೀತು ಅನ್ನುವ ಹೆದರಿಕೆಗೆ ಬಾಯಿ ಮುಚ್ಚಿಕೊಂಡರೆ ಅದು ಪ್ರೀತಿಯಲ್ಲ. ನೀವು ಯಾಕೆ ಸುಮ್ಮನಿದ್ದೀರಿ ಅಂತ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ. ಅಣ್ಣನಿಗೋಸ್ಕರವಾ, ನಿಮ್ಮ ನೆಮ್ಮದಿಗೋಸ್ಕರವಾ?

ಈಗ ದಾರಿಯ ವಿಷಯ. ಮತ್ತಾಯ 18:15ರಲ್ಲಿ ಯೇಸು ಹೇಳುವ ಮೊದಲ ಹೆಜ್ಜೆ: ಹೋಗು, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು, ಕೇಳಿದರೆ ಸೋದರನನ್ನು ಗೆದ್ದುಕೊಂಡೆ. ಗೆಲ್ಲಬೇಕಾದದ್ದು ವಾದವನ್ನಲ್ಲ, ಅಣ್ಣನನ್ನು. ನಾವು ಹೆಚ್ಚಾಗಿ ಎಡವುವುದು ಇಲ್ಲೇ. ಚಿಕ್ಕಮ್ಮನಿಗೆ ಗೊತ್ತು, ಅತ್ತಿಗೆಯ ತವರಿಗೆ ಗೊತ್ತು, ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ನಿಂತ ನಾಲ್ಕು ಜನಕ್ಕೆ ಗೊತ್ತು. ಅಣ್ಣನಿಗೆ ಮಾತ್ರ ಯಾರೂ ಹೇಳಿಲ್ಲ. ಜಗದ್ಗುರು ಫ್ರಾನ್ಸಿಸರು 2020ರ ಸೆಪ್ಟೆಂಬರ್ 6ರಂದು ಇದೇ ಶುಭಸಂದೇಶ ಭಾಗವನ್ನು ವಿವರಿಸುತ್ತಾ, ಚಾಡಿಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದರು. ಆ ವರ್ಷ ಆ ಮಾತಿನ ತೂಕ ಎಷ್ಟು ಅಂತ ಕೇಳಿದವರಿಗೆಲ್ಲ ಗೊತ್ತಿತ್ತು.

ಈ ಮೊದಲ ಹೆಜ್ಜೆಯನ್ನು ಹೇಗೆ ಇಡಬೇಕು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರದು. ಕ್ರಿ.ಶ. 390. ಥೆಸಲೋನಿಕದಲ್ಲಿ ಜನ ದಂಗೆ ಎದ್ದು ಸೇನಾಧಿಕಾರಿಯೊಬ್ಬನನ್ನು ಕೊಂದರು. ಸಿಟ್ಟಿಗೆದ್ದ ರೋಮ್ ಚಕ್ರವರ್ತಿ ಥಿಯೊಡೋಸಿಯಸ್ ಸೇಡಿಗೆ ಆಜ್ಞೆ ಕೊಟ್ಟ. ಸೈನಿಕರು ಊರಿನ ಜನರನ್ನು ಕತ್ತರಿಸಿ ಹಾಕಿದರು. ಸತ್ತವರು 7000 ಅಂತ ಹಳೆಯ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಆಂಬ್ರೋಸರು ಬೀದಿಯಲ್ಲಿ ನಿಂತು ಕೂಗಲಿಲ್ಲ. ಒಂದು ಪತ್ರ ಬರೆದರು. ಲಿಪಿಕಾರನ ಕೈಯಲ್ಲಿ ಬರೆಸಲಿಲ್ಲ. ನೀವೊಬ್ಬರೇ ಓದಲಿ ಅಂತ ನನ್ನ ಕೈಯಾರೆ ಬರೆಯುತ್ತಿದ್ದೇನೆ ಅಂತ ಅದರಲ್ಲೇ ತಿಳಿಸಿದರು. ಪಾಪ ಮಾಡಿ ಪಶ್ಚಾತ್ತಾಪಪಟ್ಟ ದಾವೀದ ಅರಸನನ್ನು ನೆನಪಿಸಿದರು. ಆದರೆ ಗುಟ್ಟಾಗಿ ಹೇಳಿದರು ಅಂತ ಮೆತ್ತಗೆ ಹೇಳಲಿಲ್ಲ. ನೀವು ಬಂದು ನಿಂತರೆ ನಾನು ಬಲಿಪೂಜೆ ಅರ್ಪಿಸಲಾರೆ ಅಂತಲೂ ಅದೇ ಪತ್ರದಲ್ಲಿತ್ತು. ಚಕ್ರವರ್ತಿ ರಾಜಲಾಂಛನ ತೆಗೆದಿಟ್ಟು ಗುಡಿಯಲ್ಲಿ ಎಲ್ಲರೆದುರು ಅತ್ತ. ಎದುರಿಗಿದ್ದವನು ಚಕ್ರವರ್ತಿ, ಪಾಪ ಊರಿಗೆಲ್ಲ ಗೊತ್ತಿದ್ದದ್ದು. ಅಂಥದ್ದರಲ್ಲೂ ಮೊದಲ ಮಾತು ಅವನೊಬ್ಬನ ಕಣ್ಣಿಗೆ ಮಾತ್ರ.

'ನಾನು ಚಿಕ್ಕವಳು' ಅನ್ನುವ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ನಾವು. ಆದರೆ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಜೊತೆ ಊಟ ಮಾಡುವುದನ್ನು ಯೇಸುವಿನ ಶಿಷ್ಯರಲ್ಲಿ ಮೊದಲಿಗನಾದ ಪೇತ್ರ ಹೆದರಿ ನಿಲ್ಲಿಸಿದಾಗ, ಅವನಿಗಿಂತ ಎಷ್ಟೋ ತಡವಾಗಿ ಯೇಸುವನ್ನು ನಂಬಿದ ಪೌಲ ಮುಖಕ್ಕೆ ಮುಖ ಕೊಟ್ಟು ಅದು ತಪ್ಪು ಅಂದ. 14ನೇ ಶತಮಾನದಲ್ಲಿ ಸಿಯೆನ್ನಾದ ಸಂತ ಕ್ಯಾಥರೀನ್ ರೋಮಿನ ಬದಲು ಈಗಿನ ಫ್ರಾನ್ಸಿನ ಆವಿನ್ಯೋನ್‌ನಲ್ಲಿ ಕುಳಿತಿದ್ದ ಜಗದ್ಗುರು 11ನೇ ಗ್ರೆಗರಿಗೆ ಧೈರ್ಯ ತಂದುಕೊಂಡು ರೋಮಿಗೆ ಹೊರಡಿ ಅಂತ ಬರೆದಳು, ಅದೂ 'ನನ್ನ ಮುದ್ದಿನ ಅಪ್ಪಾ' ಅಂತ ಕರೆದು. ಅವರು 1377ರ ಜನವರಿಯಲ್ಲಿ ರೋಮ್ ತಲುಪಿದರು. ಅಕ್ವಿನಾಸರ ಮಾತೂ ಇದೇ: ಹಿರಿಯರನ್ನೂ ತಿದ್ದಬಹುದು, ಸೊಕ್ಕಿನಿಂದಲ್ಲ, ಮರ್ಯಾದೆಯಿಂದ.

ಹಾಗಾದರೆ ಏನು ಮಾಡುವುದು? ಅತ್ತಿಗೆ, ಮಕ್ಕಳು ಇಲ್ಲದ ಹೊತ್ತು ನೋಡಿ. ಅವನು ಆಫೀಸಿನಿಂದ ದಣಿದು ಬಂದ ಗಳಿಗೆ ಬೇಡ, ಕುಡಿದಿದ್ದರಂತೂ ಬೇಡವೇ ಬೇಡ. ಫೋನಿನಲ್ಲಿ ಬೇಡ, ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಂಡಿತ ಬೇಡ. ಅಮ್ಮನ ಔಷಧಿ ಚೀಟಿ ಕೈಯಲ್ಲಿರಲಿ. 'ಅಣ್ಣಾ, ಅಮ್ಮನ ಮಾತ್ರೆ ಮುಗಿದು ಎಷ್ಟೋ ದಿನ ಆಯ್ತು. ಅದು ಅವರ ದುಡ್ಡೇ ಅಲ್ವಾ? ನಿನಗೇನಾದರೂ ಕಷ್ಟ ಇದೆಯಾ?' ಇಷ್ಟು ಸಾಕು. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಅವನ ಮೇಲೆ ಯಾರಿಗೂ ಗೊತ್ತಿಲ್ಲದ ಸಾಲ ಇರಬಹುದು. ನಿಮ್ಮ ಮದುವೆ ಖರ್ಚು, ಅಪ್ಪನ ಅಂತ್ಯಕ್ರಿಯೆಯಲ್ಲಿ ನಡೆದ ಜಗಳ, ಹಳೇ ಕಡತ ಯಾವುದನ್ನೂ ಬಿಚ್ಚಬೇಡಿ.

ಹೋಗುವ ಮೊದಲು ನಿಮ್ಮನ್ನೂ ಸ್ವಲ್ಪ ನೋಡಿಕೊಳ್ಳಿ. ಸಂತ ಅಗಸ್ಟೀನರು ಹೇಳುತ್ತಾರೆ: ಈ ತಪ್ಪು ನನ್ನಲ್ಲಿ ಹಿಂದೆ ಇತ್ತಾ, ಈಗಲೂ ಇದೆಯಾ ಅಂತ ಯೋಚಿಸು. ಹಿಂದೆ ಇದ್ದರೆ ಆ ನೆನಪು ನಿನ್ನನ್ನು ಮೆತ್ತಗಾಗಿಸಲಿ. ಈಗಲೂ ಇದ್ದರೆ ಗದರಬೇಡ, ಅವನ ಜೊತೆ ಸೇರಿ ಅಳು. ಅಮ್ಮನ ಔಷಧಿಗೆ ನೀವು ಈವರೆಗೆ ಎಷ್ಟು ಕೊಟ್ಟಿದ್ದೀರಿ? ಅಣ್ಣ ಇದನ್ನು ಕೇಳಿಯೇ ಕೇಳುತ್ತಾನೆ. ಉತ್ತರ ಇಟ್ಟುಕೊಂಡು ಹೋಗಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಒಬ್ಬರೇ ಹೋಗಿ ಹೇಳುವ ಈ ದಾರಿ ಎಲ್ಲದಕ್ಕೂ ಅಲ್ಲ. ಬೇರೆಯವರಿಗೆ ಅಪಾಯ ತರುವ ಗುಟ್ಟಿನ ಪಾಪವಾದರೆ, ಮಾತಿನಿಂದಲೇ ತಕ್ಷಣ ತಡೆಯಬಹುದು ಅನ್ನುವ ಗಟ್ಟಿ ನಂಬಿಕೆ ಇಲ್ಲದಿದ್ದಾಗ, ಕೂಡಲೇ ಬಯಲಿಗೆ ತರಬೇಕು ಅನ್ನುತ್ತಾರೆ ಅಕ್ವಿನಾಸರು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ತಿಳಿದರೆ ಗುಟ್ಟಾಗಿ ಬುದ್ಧಿ ಹೇಳುತ್ತಾ ಕೂರಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಾಡಿದವರು ಮನೆಯವರಾದರೂ ಅಷ್ಟೇ, ಗುಡಿಯವರಾದರೂ ಅಷ್ಟೇ.

ಅಣ್ಣ ಕೇಳದಿದ್ದರೆ? ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಅನ್ನುತ್ತದೆ ಶುಭಸಂದೇಶ. ಅವನು ಗೌರವ ಕೊಡುವ ಸೋದರಮಾವ ಇದ್ದರೆ ಅವರೇ ಸರಿ. ಆಮೇಲೆ ಧರ್ಮಕೇಂದ್ರದ ಗುರುಗಳು. ಅದಕ್ಕೂ ಬಗ್ಗದಿದ್ದರೆ ಅವನನ್ನು (ಆ ಕಾಲದಲ್ಲಿ ಜನ ದೂರವಿಡುತ್ತಿದ್ದ) ಸುಂಕದವನಂತೆ ಎಣಿಸು ಅನ್ನುತ್ತಾರೆ ಯೇಸು. ಆ ಯೇಸುವೇ ಸುಂಕದವರ ಮನೆಯಲ್ಲಿ ಊಟಕ್ಕೆ ಕುಳಿತವರು. ಇದನ್ನು ಬರೆದ ಶುಭಸಂದೇಶಕ್ಕೆ ಸುಂಕದವನಾಗಿದ್ದ ಮತ್ತಾಯನ ಹೆಸರೇ ಇದೆ. ಹಾಗಾಗಿ ಮಾತು ಬಿಡುವುದು, ಕ್ರಿಸ್ಮಸ್‌ಗೆ ಕರೆಯದಿರುವುದು ಬೇಡ.

ಆದರೆ ಅಣ್ಣ ತಿದ್ದಿಕೊಳ್ಳುವ ತನಕ ಅಮ್ಮನ ಮಾತ್ರೆ ಕಾಯುವುದಿಲ್ಲ. ಅದಕ್ಕೆ ಅವನ ಒಪ್ಪಿಗೆಯೂ ಬೇಕಿಲ್ಲ. ಖಾತೆ ಅಮ್ಮನ ಹೆಸರಿನಲ್ಲಿದೆ. ಅವರನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಹಳೇ ಕಾರ್ಡ್ ನಿಲ್ಲಿಸಿ ಹೊಸದಕ್ಕೆ ಅರ್ಜಿ ಕೊಡಿಸಬಹುದು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆ 2007ರ ಕಾಯ್ದೆಯೂ ಇದೆ, ಅದು ಕೊನೆಯ ಬಾಗಿಲು. ಇದರಲ್ಲಿ ಯಾವುದಕ್ಕೆ ಕೈಹಾಕುವ ಮೊದಲೂ ಅಮ್ಮನ ಹತ್ತಿರ ಕೂತು ಅವರಿಗೆ ಏನು ಬೇಕು ಅಂತ ಕೇಳಿ. ದಿನವೂ ಆ ಮನೆಯಲ್ಲಿ ಇರಬೇಕಾದವರು ಅವರು.