12 ಜನ, 14 ದಿನ

ಹೊಸ ತೊಗರಿ ಮಾರುಕಟ್ಟೆಗೆ, ಅಂದರೆ ನಮ್ಮ ಗಂಜ್‌ಗೆ ಬರುವುದು ಡಿಸೆಂಬರ್ ಹೊತ್ತಿಗೆ. ನನಗೆ ಈ ಫೋನ್ ಬರುವುದೂ ಆಗಲೇ. "ಸರ್, ಆ್ಯಪ್ ರೆಡಿ ಅದ ಅಂದ್ರಲ್ಲ, ಸೋಮವಾರ ಪ್ಲೇ ಸ್ಟೋರ್‌ಗೆ ಹಾಕಿಬಿಡ್ರಿ. ರೈತರಿಗೆಲ್ಲ ಹೇಳೀವಿ."

ಕಲಬುರಗಿಯಲ್ಲಿ ದಲಾಲಿ ಅಂಗಡಿ, ದಾಲ್ ಮಿಲ್, ಕೋಚಿಂಗ್ ಕ್ಲಾಸುಗಳಿಗೆ ನಾನು ಆ್ಯಪ್ ಮಾಡಿಕೊಡುತ್ತೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಆ್ಯಪ್ ರೆಡಿ ಆಗುವುದು ಬೇರೆ, ಅದು ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುವುದು ಬೇರೆ.

ಪ್ಲೇ ಸ್ಟೋರ್ ನಡೆಸುವ ಗೂಗಲ್‌ನ ನಿಯಮ ಹೀಗಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಿಂದ ಆ್ಯಪ್ ಬಿಡಬೇಕಾದರೆ ಮೊದಲು ಕ್ಲೋಸ್ಡ್ ಟೆಸ್ಟ್ ನಡೆಸಬೇಕು, ಅಂದರೆ ಪಟ್ಟಿಯಲ್ಲಿರುವ ಕೆಲವರಿಗೆ ಮಾತ್ರ ಆ್ಯಪ್ ಕೊಟ್ಟು ಬಳಸಿ ನೋಡಿಸಬೇಕು. ಕನಿಷ್ಠ 12 ಜನ, ಸತತ 14 ದಿನ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. 14 ದಿನ ಮುಗಿದ ಮೇಲೆ ಆ್ಯಪ್ ಎಲ್ಲರಿಗೂ ಬಿಡಲು ಅನುಮತಿ ಕೇಳಿ ಅರ್ಜಿ ಹಾಕಬೇಕು. ಟೆಸ್ಟ್ ಮಾಡಿದವರು ಏನು ಹೇಳಿದರು, ನೀವು ಏನು ಬದಲಿಸಿದಿರಿ ಎಂದು ಅದರಲ್ಲಿ ಕೇಳುತ್ತಾರೆ. ಉತ್ತರ ಬರಲು ಸಾಮಾನ್ಯವಾಗಿ ಒಂದು ವಾರದೊಳಗೆ ಅನ್ನುತ್ತಾರೆ, ಆದರೆ ನಾನು ಯಾರಿಗೂ ಆ ತಾರೀಖಿನ ಭರವಸೆ ಕೊಡುವುದಿಲ್ಲ. ಸಂಸ್ಥೆಯ ಹೆಸರಿನ ಖಾತೆಗೆ ಈ ಟೆಸ್ಟ್ ಇಲ್ಲ. ಆದರೆ ಅದಕ್ಕೆ ಡನ್ಸ್ (D-U-N-S) ನಂಬರ್, ಅಂದರೆ ಸಂಸ್ಥೆಯನ್ನು ಗುರುತಿಸುವ ಒಂದು ಸಂಖ್ಯೆ ಬೇಕು, ಅದು ಕೈಗೆ ಬರಲು ಒಂದು ತಿಂಗಳೂ ಹಿಡಿಯಬಹುದು.

ಇಷ್ಟು ಹೇಳಿದರೆ "12 ಮಂದಿ ಏನ್ ದೊಡ್ಡದ್ರಿ, ನಮ್ಮ ಮನ್ಯಾಗೇ ಅದಾರ" ಅನ್ನುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ವಾಟ್ಸಾಪ್‌ನಲ್ಲಿ ನಾನು ಕಳಿಸಿದ ಫೈಲ್ ಹಾಕಿಕೊಂಡರೆ ನೀವು ಟೆಸ್ಟರ್ ಆಗುವುದಿಲ್ಲ. ಅದು ಸುಮ್ನೆ ನೋಡಲಿ ಎಂದು ಕೊಟ್ಟದ್ದು. ಅದನ್ನು 50 ಜನ ಹಾಕಿಕೊಂಡರೂ ಸ್ಟೋರ್ ಲೆಕ್ಕದಲ್ಲಿ ಒಬ್ಬರೂ ಇಲ್ಲ. ಟೆಸ್ಟರ್ ಆಗಬೇಕಾದರೆ ನಿಮ್ಮ ಜಿಮೇಲ್ ವಿಳಾಸ ನನ್ನ ಪಟ್ಟಿಯಲ್ಲಿರಬೇಕು. ಅದೇ ಜಿಮೇಲ್‌ನಿಂದ ನಾನು ಕಳಿಸಿದ ಲಿಂಕ್ ತೆರೆದು, ಟೆಸ್ಟರ್ ಆಗಲು ಒಪ್ಪಿಗೆಯ ಬಟನ್ ಒತ್ತಬೇಕು. ಆಮೇಲೆ ಪ್ಲೇ ಸ್ಟೋರ್‌ನಿಂದಲೇ ಆ್ಯಪ್ ಇಳಿಸಿಕೊಳ್ಳಬೇಕು.

"ಅದೇ ಜಿಮೇಲ್" ಅನ್ನುವ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಮ್ಮ ಕಡೆ ಬಹಳ ಜನರ ಫೋನಿನಲ್ಲಿ ಎರಡು ಜಿಮೇಲ್ ಇರುತ್ತವೆ. ಒಂದು ಫೋನ್ ಕೊಂಡಾಗ ಅಂಗಡಿಯ ಹುಡುಗ ಮಾಡಿಕೊಟ್ಟದ್ದು, ಇನ್ನೊಂದು ಮಗ ಮಾಡಿಕೊಟ್ಟದ್ದು. ಕೇಳಿದರೆ ನೆನಪಿರುವ ಒಂದನ್ನು ಹೇಳುತ್ತಾರೆ. ಪ್ಲೇ ಸ್ಟೋರ್ ಓಡುತ್ತಿರುವುದು ಇನ್ನೊಂದರಲ್ಲಿ. ಲಿಂಕ್ ಒತ್ತಿದರೆ ಆ್ಯಪ್ ಸಿಗುತ್ತಿಲ್ಲ ಎಂದು ಬರುತ್ತದೆ. "ನಿಮ್ಮ ಲಿಂಕೇ ಕೆಟ್ಟದ್ರಿ" ಎಂದು ಫೋನ್ ಕೆಳಗಿಡುತ್ತಾರೆ. ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆ ಇರುವ ದುಂಡನೆ ಚಿತ್ರ ಒತ್ತಿ. ಅಲ್ಲಿ ಕಾಣುವ ವಿಳಾಸದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ಬಾಯಲ್ಲಿ ಹೇಳಬೇಡಿ.

ಇನ್ನು "ಸತತ". ಹೋದ ವರ್ಷ ಒಂದು ದಲಾಲಿ ಅಂಗಡಿಯ ಆ್ಯಪ್‌ಗೆ ಸರಿಯಾಗಿ 12 ಜನ ಸೇರಿದ್ದರು. 11ನೇ ದಿನ ಸಾಹುಕಾರರ ಅಳಿಯ ಫೋನಿನಲ್ಲಿ ಜಾಗ ಇಲ್ಲ ಎಂದು ಆ್ಯಪ್ ತೆಗೆದರು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತೇನೋ. ಜೊತೆಗೆ ಲಿಂಕ್ ತೆರೆದು ಟೆಸ್ಟ್‌ನಿಂದಲೂ ಹೊರಗೆ ಬಂದರು. 12 ಹೋಗಿ 11 ಆಯಿತು. ಆ ರಾತ್ರಿಯೇ ಮತ್ತೊಬ್ಬರನ್ನು ಸೇರಿಸಿದೆವು, ಆದರೆ ಅವರ 14 ದಿನ ಅಂದಿನಿಂದ ಶುರು. ಆವಕ ಜೋರಾಗಿದ್ದ ವಾರಗಳೆಲ್ಲ ಹಾಗೇ ಹೋದವು. ಸಾಹುಕಾರರ ಮುಖ ನೋಡಿ ನನಗೂ ಬಹಳ ಬೇಜಾರಾಯಿತು.

ಆದರೆ ಈ 14 ದಿನ ವ್ಯರ್ಥ ಎಂದು ನಾನು ಒಪ್ಪುವುದಿಲ್ಲ. ಅದೇ ಅಂಗಡಿಯ ಗುಮಾಸ್ತರಿಗೆ ಅರವತ್ತು ದಾಟಿದೆ. ಚಷ್ಮಾ ಇದ್ದರೂ ಫೋನಿನ ಅಕ್ಷರವನ್ನು ಪೂರಾ ದೊಡ್ಡದು ಮಾಡಿಕೊಂಡಿದ್ದಾರೆ. ಎರಡನೇ ದಿನ ಫೋನ್ ಮಾಡಿದರು. "ಚೀಲ ಬರೆದೆ, ತೂಕ ಬರೆದೆ, ಸೇವ್ ಬಟನ್ ಎಲ್ಲದರೀ?" ಹೋಗಿ ನೋಡಿದರೆ ಅಕ್ಷರ ದೊಡ್ಡದಾಗಿ ಬಟನ್ ಪರದೆಯ ಕೆಳಗೆ ಜಾರಿತ್ತು, ಪರದೆ ಮೇಲೆ ಸರಿಯುತ್ತಲೂ ಇರಲಿಲ್ಲ. ನನ್ನ ಟೇಬಲ್ ಮೇಲಿನ ಮೂರು ಫೋನಿನಲ್ಲೂ ಇದು ಕಂಡಿರಲಿಲ್ಲ. ಎರಡು ದಿನದಲ್ಲಿ ಸರಿಮಾಡಿ ಹೊಸ ವರ್ಷನ್ ಹಾಕಿದೆ. ಅರ್ಜಿಯಲ್ಲಿ ಏನು ಬದಲಿಸಿದಿರಿ ಎಂದು ಕೇಳಿದಾಗ ಬರೆದದ್ದೂ ಇದನ್ನೇ.

ದುಡ್ಡು ಕೊಟ್ಟರೆ 12 ಟೆಸ್ಟರ್‌ಗಳನ್ನು ಕೊಡುತ್ತೇವೆ ಅನ್ನುವವರೂ ಇದ್ದಾರೆ. ನಾನು ಆ ದಾರಿ ಹೇಳುವುದಿಲ್ಲ. ತೊಗರಿ ಚೀಲ ಎಣಿಸದವರು ನಿಮ್ಮ ಆ್ಯಪ್‌ನಲ್ಲಿ ಏನು ತಪ್ಪು ಹಿಡಿಯುತ್ತಾರೆ?

ಖಾತೆಯ ವಿಷಯ ಒಂದೇ ಮಾತು: ಅದು ನಿಮ್ಮ ಹೆಸರಿನಲ್ಲೇ ಇರಲಿ. ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ನಿಯಮಗಳು ಬದಲಾಗುತ್ತಿರುತ್ತವೆ, ಶುರು ಮಾಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ.

ಡಿಸೆಂಬರ್‌ಗೆ ಆ್ಯಪ್ ಬೇಕಾದವರು ದೀಪಾವಳಿ ಮುಗಿಯುತ್ತಲೇ ಪಟ್ಟಿ ಕೊಡಿ. 12 ಅಲ್ಲ, 18 ಹೆಸರು. ಅಳಿಯಂದಿರನ್ನು ಸೇರಿಸಿ, ಬೇಡ ಅನ್ನುವುದಿಲ್ಲ, ಆದರೆ ಗುಮಾಸ್ತರನ್ನು ಮಾತ್ರ ಬಿಡಬೇಡಿ.